ಬಲಗಡೆ ನಿಂತು ಕೇಳು

ಭಾನುವಾರ, ಮಾರುಕಟ್ಟೆಗೆ ರಜೆ
ಬೆಳಗಿನ ಎರಡನೇ ಕಾಫಿ ಆದ ಮೇಲೆ

ನನ್ನ ತಂಗಿಯ ಮಗಳು, ಔಷಧಿ ಅಂಗಡಿಯ ಒಡತಿ, ಸೂಜಿಮೆಣಸಿಗೆ,

ಆಶೀರ್ವಾದ ಮೂಟೆಗಟ್ಟಲೆ ಕಳಿಸಿದ್ದೇನೆ, ಇಳಿಸಿಕೋ. ಹಮಾಲಿ ಕೂಲಿ ಕೊಡಬೇಕಾಗಿಲ್ಲ.

ಕಣ್ಣಿನ ಹನಿ ತಲುಪಿತು. ಪ್ರತಿ ತಿಂಗಳೂ ತಲುಪುತ್ತದೆ. ಡಬ್ಬಿ ಬಿಚ್ಚಿ ಒಳಗೆಲ್ಲ ತಡಕಾಡುತ್ತೇನೆ, ಎರಡು ಸಾಲಿನ ಚೀಟಿಯಾದರೂ ಸಿಕ್ಕೀತೇ ಎಂದು. ಸಿಗುವುದು ಹತ್ತಿ, ಮತ್ತೆ ಸೀಸೆಯ ಮೇಲೆ ನಿನ್ನ ಕೈಬರಹದಲ್ಲಿ ‘ದಿನಕ್ಕೆ ನಾಲ್ಕು ಸಲ’ ಎಂಬ ಅಪ್ಪಣೆ. ಹನಿ ಬರುತ್ತದೆ, ನೀನು ಬರುವುದಿಲ್ಲ. ನಾನಿನ್ನೂ ಆಸ್ಪತ್ರೆಯ ಮಂಚದ ಮೇಲಿರುವಾಗ ಹೊರಟವಳು, ವರ್ಷ ದಾಟಿದರೂ ಈ ಕಡೆ ತಲೆ ಹಾಕಿಲ್ಲ. ಫೋನು ಮಾಡುವುದೂ ನಿಮ್ಮತ್ತೆಗೇ. ನಾನು ಪಕ್ಕದಲ್ಲೇ ಕೂತು ಬೇಕೆಂದೇ ಕೆಮ್ಮಿದರೂ, ‘ಮಾವನಿಗೆ ಹೇಳಿ’ ಎಂದು ಇಟ್ಟುಬಿಡುತ್ತೀಯ.

ಮೊನ್ನೆ ನಿಮ್ಮಮ್ಮ ಬಾಯಿಬಿಟ್ಟಳು. ‘ಅಣ್ಣಾ, ಅವಳು ಕೂತಲ್ಲಿ ಅಳ್ತಾಳೆ ಕಣೋ. ಆಪರೇಶನ್ ಬೇಡ ಅಂತ ನೀನು ಹಟ ಹಿಡಿದಿದ್ದೆ, ಜಗಳ ಆಡಿ ಒಪ್ಪಿಸಿದ್ದು ಅವಳು. ಮಾವನ ಮುಖ ಕೆಡಿಸಿದ್ದು, ಕಿವಿ ಕಳೆದದ್ದು ನಾನೇ ಅಂತಾಳೆ. ನಿನ್ನೆದುರು ಬರೋಕೆ ಅವಳಿಗೆ ಮುಖ ಇಲ್ವಂತೆ’ ಎಂದಳು. ನೋಡು ತಮಾಷೆ! ಅರ್ಧ ಮುಖ ಇಲ್ಲದವನು ದಿನಾ ಮಾರುಕಟ್ಟೆಗೆ ಹೋಗಿ ಬರುತ್ತಿದ್ದೇನೆ. ಮುಖ ಪೂರ್ತಿ ಇರುವವಳು ಮುಖವಿಲ್ಲ ಎಂದು ಮನೆಯಲ್ಲಿ ಕೂತಿದ್ದೀಯ. ನಿಮ್ಮಮ್ಮ ಇನ್ನೂ ಒಂದು ಮಾತು ಹೇಳಿದಳು. ಅದನ್ನು ಆಮೇಲೆ ಬರೆಯುತ್ತೇನೆ, ಧೈರ್ಯ ಬಂದರೆ.

ಆ ಆಪರೇಶನ್ ಆದ ಮೇಲೆ ನಿನ್ನ ಮಾವನ ಬದುಕು ಹೇಗಿದೆ ಎಂದು ನಿನಗೆ ತಿಳಿಸಬೇಕು. ಆದರೆ ನಮ್ಮ ವಂಶದಲ್ಲಿ ನನ್ನ ಮಾತನ್ನು ಅರ್ಧಕ್ಕೆ ಅರ್ಧ ಕಳೆದೇ ಕೇಳುತ್ತಾರೆಂದು ನನಗೆ ಗೊತ್ತು. ಊರ ಶಾಲೆಯ ಏಳನೇ ತರಗತಿಯಲ್ಲಿ ಪತ್ರಲೇಖನಕ್ಕೆ ನಾನೇ ಮೊದಲಿಗ ಎಂದರೆ, ‘ಎರಡನೆಯವರು ಇದ್ದರಾ?’ ಎಂದು ಕೇಳುವ ಜನ ನೀವು. ಅದಕ್ಕೇ ಈ ಪತ್ರವನ್ನು ನಮ್ಮ ತರಕಾರಿ ಮಾರುಕಟ್ಟೆಯ ಕಟ್ಟಳೆಯಂತೆ ಬರೆಯುತ್ತೇನೆ. ನಮ್ಮಲ್ಲಿ ಹರಾಜಿನ ಸವಾಲು ಕೂಗುವ ಮೊದಲು ಒಂದು ಮೂಟೆಯನ್ನು ಎಲ್ಲರೆದುರು ಸುರಿಯಬೇಕು. ಕೊಳೆತದ್ದು, ಒಡೆದದ್ದು, ಹುಳ ಹಿಡಿದದ್ದನ್ನು ಆರಿಸಿ ಮೇಲೆ ಇಡಬೇಕು. ಜನ ಅದನ್ನು ಕಣ್ಣಾರೆ ನೋಡಿ ಆಮೇಲೆ ಬೆಲೆ ಹೇಳುತ್ತಾರೆ. ಕೊಳೆತದ್ದನ್ನು ಅಡಗಿಸಿದವನಿಗೆ ನನ್ನ ಹಾಗೆ ಸ್ಟೂಲು ಹತ್ತಿ ಸವಾಲು ಕೂಗುವ ಹಕ್ಕಿಲ್ಲ.

ಸುರಿಯುತ್ತಿದ್ದೇನೆ, ಬಗ್ಗಿ ನೋಡು.

ಎಡಗಿವಿ ಸತ್ತಿದೆ. ಸತ್ತದ್ದು ಸುಮ್ಮನಿರಬೇಕಷ್ಟೆ? ಇದು ಸುಮ್ಮನಿಲ್ಲ. ಹೊರಗಿನ ಗುಡುಗೂ ಒಳಗೆ ಹೋಗುವುದಿಲ್ಲ, ಆದರೆ ಒಳಗೊಂದು ಜೀರುಂಡೆ ಹಗಲೂ ಇರುಳೂ ಕಿರ್ ಎನ್ನುತ್ತಲೇ ಇರುತ್ತದೆ. ಬಾಡಿಗೆ ಕೊಡದ, ಮನೆಯನ್ನೂ ಬಿಡದ ಬಾಡಿಗೆದಾರ. ಮೊದಮೊದಲು ಜಗಳವಾಡಿದೆ. ಈಗ ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.

ನಡಿಗೆ ಹಗಲಿನಲ್ಲಿ ಸರಿ. ಕತ್ತಲಾದರೆ ನೆಲ ನನ್ನ ಮಾತು ಕೇಳುವುದಿಲ್ಲ. ದೀಪವಿಲ್ಲದ ಓಣಿಯಲ್ಲಿ ಗೋಡೆ ಸವರಿಕೊಂಡು ಬರುತ್ತೇನೆ. ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದ ನನ್ನನ್ನು ನಮ್ಮ ಬೀದಿಯ ಖಾಯಂ ಕುಡುಕ ತಡೆದು ನಿಲ್ಲಿಸಿ, ‘ಗುರುವೇ, ಯಾವ ಅಂಗಡೀದು? ನನಗೆ ಇಷ್ಟು ಚೆನ್ನಾಗಿ ಏರೋದೇ ಇಲ್ಲ’ ಎಂದು ಕೈ ಮುಗಿದ.

ಬಾಯಿಯ ಎಡಮೂಲೆ ಸಡಿಲ. ನೀರು ಕುಡಿದರೆ ಅಂಗಿಗೂ ಪಾಲು ಸಲ್ಲುತ್ತದೆ. ಶಿಳ್ಳೆ ಹೋಯಿತು. ಚಿಕ್ಕವಳಿದ್ದಾಗ ನಿನ್ನನ್ನು ಬೀದಿಯ ತುದಿಯಿಂದ ಕರೆಯುತ್ತಿದ್ದೆನಲ್ಲ, ಆ ಶಿಳ್ಳೆ. ಈಗ ಬರೀ ಗಾಳಿ ಬರುತ್ತದೆ, ಪಂಕ್ಚರ್ ಆದ ಸೈಕಲ್ಲಿನ ಹಾಗೆ. ಇದೊಂದಕ್ಕೆ ನನಗೂ ಬೇಜಾರಿದೆ, ಬರೆದುಬಿಡುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ತಲೆ ದಣಿಯುತ್ತದೆ. ಗದ್ದಲದಲ್ಲಿ ಒಂದೇ ಕಿವಿಯಿಂದ ಒಬ್ಬರ ಮಾತನ್ನು ಹೆಕ್ಕಿ ತೆಗೆಯುವುದೆಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಈರುಳ್ಳಿ ಮೂಟೆಗಳ ಮೇಲೆ ಒಂದು ನಿದ್ದೆ ತೆಗೆಯುತ್ತೇನೆ. ಬಲಗಿವಿಯನ್ನು ಮೂಟೆಗೆ ಒತ್ತಿ ಮಲಗಿದರೆ ಲೋಕವೇ ಬಂದ್. ಎರಡು ಕಿವಿಯವರಿಗೆ ಈ ಭಾಗ್ಯ ಇದೆಯೇ? ಇಲ್ಲ.

ಇನ್ನು ಎಡಗಣ್ಣು. ಮುಚ್ಚು ಎಂದಾಗ ಪೂರ್ತಿ ಮುಚ್ಚುವುದಿಲ್ಲ. ಮಲಗುವಾಗ ನಿಮ್ಮತ್ತೆ ಮುಲಾಮು ಹಚ್ಚಿ, ರೆಪ್ಪೆಗೆ ಪಟ್ಟಿ ಅಂಟಿಸಿ, ನನ್ನನ್ನು ಪಾರ್ಸೆಲ್ ಮಾಡುತ್ತಾಳೆ. ‘ವಿಳಾಸ ಒಂದು ಬರೆದ್ರೆ ಕಳಿಸಿಬಿಡಬಹುದು’ ಎನ್ನುತ್ತಾಳೆ. ಆದರೆ ಬಾಯಿ ಅಗಲಿಸಿದೆನೋ, ಅದೇ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ! ಡಾಕ್ಟರನ್ನು ಕೇಳಿದೆ. ಪೆಟ್ಟು ತಿಂದ ಮುಖದ ನರ ಮತ್ತೆ ಚಿಗುರುವಾಗ ದಾರಿ ತಪ್ಪಿ, ಬಾಯಿಗೆ ಹೋಗಬೇಕಾದ ಎಳೆ ಕಣ್ಣಿಗೂ ಹೋಗಿದೆಯಂತೆ.

ಕೊನೆಯದು ತಲೆಯಾಡಿಸುವ ಚಟ. ಕೇಳಿಸದಾಗಲೆಲ್ಲ ‘ಏನು, ಏನು’ ಎನ್ನುವುದಕ್ಕೆ ನನ್ನಂಥವನಿಗೆ ಮರ್ಯಾದೆ ಅಡ್ಡ ಬರುತ್ತದೆ. ಅದಕ್ಕೆ ದೊಡ್ಡ ಮನುಷ್ಯನ ಹಾಗೆ ‘ಹೂಂ’ ಎಂದು ತಲೆಯಾಡಿಸಿಬಿಡುತ್ತೇನೆ. ನಿಮ್ಮತ್ತೆ ಇದನ್ನು ಪತ್ತೆ ಹಚ್ಚಿ ಲಾಭ ಮಾಡಿಕೊಂಡಿದ್ದಾಳೆ. ನನ್ನಿಂದ ಏನಾದರೂ ಆಗಬೇಕೆಂದರೆ ಎಡಗಡೆಗೆ ಬಂದು ಮೆಲ್ಲಗೆ ಕೇಳುತ್ತಾಳೆ. ಅಡುಗೆಮನೆಗೆ ಹೊಸ ಕಪಾಟು ಮಾಡಿಸಲು ನಾನು ಒಪ್ಪಿದ್ದೇನೆಂದು ನನಗೆ ಗೊತ್ತಾದದ್ದು ಬಡಗಿ ಬಂದು ಗೋಡೆ ಅಳೆಯುವಾಗ.

ಕೊಳೆತದ್ದು ಮುಗಿಯಿತು. ಈಗ ಒಳ್ಳೆಯ ಮಾಲು ನೋಡು.

ಮೊದಲು ಆ ಕಿವಿಯ ಲೆಕ್ಕ ಸರಿಮಾಡಿಬಿಡೋಣ. ಎಡಗಿವಿಗೆ ಇಟ್ಟರೆ ಫೋನು ಸತ್ತಿದೆ ಎಂದು ನಾನು ಮೊಬೈಲ್ ಅಂಗಡಿಯವನೊಂದಿಗೆ ಜಗಳಕ್ಕೆ ನಿಂತಿದ್ದೆನಲ್ಲ, ನೆನಪಿದೆಯೇ? ಹೊಸ ಫೋನು ಕೊಂಡೆ, ಅದೂ ಸತ್ತಿತ್ತು. ಅದನ್ನು ಬದಲಾಯಿಸಿದೆ, ಅದೂ ಸತ್ತಿತ್ತು. ‘ಮಾವ, ಸತ್ತಿರೋದು ಫೋನಲ್ಲ’ ಎಂದು ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದವಳು ನೀನು. ಅಂದರೆ ಆ ಕಿವಿ ನೀನು ಕಾಲಿಡುವ ಮೊದಲೇ ಮನೆ ಬಿಟ್ಟು ಹೋಗಿತ್ತು. ಕಳೆದವಳು ನೀನಲ್ಲ. ಕಳೆದಿದೆ ಎಂದು ಮೊದಲು ಕಂಡವಳು ನೀನು.

ಅಕೂಸ್ಟಿಕ್ ನ್ಯೂರೋಮಾ. ಕಿವಿಯ ನರದ ಮೇಲಿನ ಗಡ್ಡೆ. ಈ ಹೆಸರನ್ನು ನಾಲಿಗೆ ತಡವರಿಸದೆ ಹೇಳುವವನು ಇಡೀ ಮಾರುಕಟ್ಟೆಯಲ್ಲಿ ನಾನೊಬ್ಬನೇ. ಕ್ಯಾನ್ಸರ್ ಅಲ್ಲ, ಆದರೆ ಮಿದುಳಿನ ಬುಡಕ್ಕೆ ಒತ್ತಿಕೊಂಡು ಕೂತಿದೆ ಎಂದರು ಡಾಕ್ಟರು. ‘ಅದು ಇರಲಿ ಬಿಡಿ, ನಾನೂ ಅದೂ ಹೊಂದಿಕೊಂಡು ಹೋಗ್ತೀವಿ’ ಎಂದೆ ನಾನು. ನೀನು ಬಿಟ್ಟೆಯಾ? ‘ಇನ್ನೂ ಬೆಳೆದ್ರೆ ನುಂಗೋಕೂ ಆಗಲ್ಲ, ಉಸಿರಾಡೋಕೂ ಆಗಲ್ಲ. ಆಗ ಯಾರ ಜೊತೆ ಹೊಂದಿಕೊಂಡು ಹೋಗ್ತೀಯ?’ ಎಂದು ಗುಡುಗಿದೆ. ನಿನಗೆ ನಾನು ಸೂಜಿಮೆಣಸು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನನ್ನ ಗಂಟಲಿಗೆ ಹೆದರಿ ಲಾರಿಯವರು ದಾರಿ ಬಿಡುತ್ತಾರೆ, ನೀನು ಒಂದು ಹೆಜ್ಜೆ ಹಿಂದೆ ಇಡಲಿಲ್ಲ. ಆಪರೇಶನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಹಾಕುವಾಗ ನಿನ್ನ ಕೈ ನಡುಗಿದ್ದನ್ನು ನಾನು ನೋಡಿದ್ದೇನೆ. ನಡುಗುವ ಕೈಯಲ್ಲೇ ಹಾಕಿದೆಯಲ್ಲ, ಅದಕ್ಕೇ ನನಗೆ ಹೆಮ್ಮೆ. ನಡುಗದ ಕೈಯಲ್ಲಿ ಯಾರು ಬೇಕಾದರೂ ಹಾಕುತ್ತಾರೆ.

ಹೊರಗೆ ತೆಗೆದಾಗ ಗಡ್ಡೆ ನಿಂಬೆಹಣ್ಣಿನಷ್ಟಿತ್ತು. ಮುಖದ ನರ ಅದರ ಮೇಲೆ ಹೂವಿನ ದಾರದ ಹಾಗೆ ಅಂಟಿಕೊಂಡಿತ್ತಂತೆ. ಎಳೆ ಕಡಿಯದೆ ಬಿಡಿಸಿದರು ಡಾಕ್ಟರು. ಅದು ಹರಿಯಲಿಲ್ಲ, ಮುನಿಸಿಕೊಂಡಿದೆ ಅಷ್ಟೆ. ಪಕ್ಕದ ಮಂಚದವನಿಗೂ ಇದೇ ಕಾಯಿಲೆ, ಪಾಪ. ಅವನದು ಬಟಾಣಿಯಷ್ಟು ಎಂದ. ನನ್ನದು ನಿಂಬೆಹಣ್ಣು ಎಂದೆ. ಆಮೇಲೆ ಅವನು ಗಡ್ಡೆಯ ಮಾತು ಎತ್ತಲೇ ಇಲ್ಲ. ಹೋದ ತಿಂಗಳು ಮತ್ತೆ ಸ್ಕ್ಯಾನ್ ಆಯಿತು, ಏನೂ ಉಳಿದಿಲ್ಲ. ‘ತಲೆ ಖಾಲಿ ಅಂತೆ’ ಎಂದು ನಿಮ್ಮತ್ತೆಗೆ ಹೇಳಿದೆ. ‘ಅದಕ್ಕೆ ಸ್ಕ್ಯಾನ್ ಯಾಕೆ ಬೇಕಿತ್ತು?’ ಎಂದಳು. ಹಾಗೆಂದವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಈಗ ಮುಖ್ಯ ವಿಷಯ, ನನ್ನ ಸ್ಟೂಲು.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಮೊದಲ ದಿನ ಗತ್ತಿನಿಂದ ಹೋಗಿ ಶೆಡ್ಡಿನ ನಟ್ಟನಡುವೆ ಸ್ಟೂಲು ಹತ್ತಿದೆ. ಎಲೆಕೋಸಿನ ಮಾಲು, ಲಾರಿ ತುಂಬ. ನಿನಗೆ ಒಂದು ವಿಷಯ ಹೇಳಬೇಕು. ಒಂದೇ ಕಿವಿ ಇದ್ದವನಿಗೆ ಮಾತು ಕೇಳಿಸುತ್ತದೆ, ಆದರೆ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ನನಗೆ ಇಡೀ ಲೋಕ ಬಲಗಡೆಯೇ ಇದೆ. ಎಡಗಡೆ ನಿಂತಿದ್ದ ಹಾಸ್ಟೆಲಿನ ಅಡುಗೆಯಾಕೆ ಬೆಲೆ ಕೂಗಿದಳು. ನಾನು ಬಲಕ್ಕೆ ತಿರುಗಿದೆ. ಅಲ್ಲಿ ಸೂಪಿನ ಹೋಟೆಲಿನವನು, ಎರಡು ಕಟ್ಟು ಸೊಪ್ಪಿಗೆ ಬಂದವನು, ದೂರದಲ್ಲಿದ್ದ ಯಾವನೋ ಸ್ನೇಹಿತನಿಗೆ ತಲೆಯಾಡಿಸುತ್ತಿದ್ದ. ನಮ್ಮಲ್ಲಿ ತಲೆಯಾಡಿಸಿದರೆ ಮಾಲು ನಿನ್ನದು. ‘ಒಂದು ಸಲ, ಎರಡು ಸಲ, ಮೂರು ಸಲ! ಸೂಪಿನವನಿಗೆ!’ ಎಂದು ಕೂಗಿಬಿಟ್ಟೆ.

ಸೂಪಿನವನು ಬೆವೆತುಹೋದ. ‘ಅಯ್ಯೋ ಯಜಮಾನ್ರೇ, ಇಷ್ಟು ಕೋಸಲ್ಲಿ ಸೂಪು ಮಾಡಿದ್ರೆ ಊರೆಲ್ಲ ಕುಡಿದು, ಮಿಕ್ಕಿದ್ರಲ್ಲಿ ಸ್ನಾನಾನೂ ಮಾಡಬಹುದು!’ ಅಡುಗೆಯಾಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ‘ಕೂಗಿದ್ದು ನಾನು, ಕೋಸು ಅವನಿಗಾ? ನಮ್ಮ ಹುಡುಗರು ಊಟಕ್ಕೆ ಏನು ತಿನ್ನಬೇಕು, ನಿಮ್ಮ ಗಂಟಲನ್ನಾ?’ ನಾನು ಸೋಲುವವನೇ? ‘ತಲೆಯಾಡಿಸಿದ್ದು ಹೌದೋ ಅಲ್ವೋ? ಏನು ಅಂತ ಕೇಳಿಸಿಕೊಳ್ಳದೆ ತಲೆಯಾಡಿಸೋಕೆ ನೀನೇನು ಎತ್ತಾ?’ ಎಂದು ಸೂಪಿನವನ ಮೇಲೇ ಏರಿಹೋದೆ. ಈ ಮಾತು ನೆನಪಿಟ್ಟುಕೋ, ಇದರ ಕೆಲಸ ಇನ್ನೂ ಇದೆ.

ಸಂಘದ ಅಧ್ಯಕ್ಷರು ಬಂದರು. ಇಂಥದಕ್ಕೂ ನಮ್ಮಲ್ಲಿ ಕಟ್ಟಳೆ ಇದೆ. ತಲೆಯಾಡಿಸಿದವನು ನಾಲ್ಕು ಜನರ ಮುಂದೆ ನಿಂತು ‘ನನಗೆ ಕೇಳಿಸಿರಲಿಲ್ಲ’ ಎಂದರೆ ಆ ಸವಾಲು ರದ್ದು. ಮಾಲನ್ನು ಮತ್ತೆ ನಡುವೆ ಇಟ್ಟು ಮರುಸವಾಲು ಕೂಗಬೇಕು. ಸೂಪಿನವನು ಹೇಳಿದ, ನಾನು ಮತ್ತೆ ಕೂಗಿದೆ, ಕೋಸು ಹಾಸ್ಟೆಲಿಗೆ ಹೋಯಿತು. ಎಲ್ಲ ಮುಗಿದ ಮೇಲೆ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿ, ‘ಅಣ್ಣಾ, ಸಾಕು. ಆಫೀಸಲ್ಲಿ ಫ್ಯಾನ್ ಕೆಳಗೆ ಕುರ್ಚಿ ಹಾಕಿಸ್ತೀನಿ, ರಶೀದಿ ಹರೀತಾ ಆರಾಮಾಗಿರಿ’ ಎಂದರು. ‘ನನ್ನನ್ನ ಸ್ಟೂಲಿಂದ ಇಳಿಸಬೇಕಂದ್ರೆ ಕ್ರೇನ್ ತರಿಸಿ’ ಎಂದೆ. ಕೋಸಿನ ಹಂಗಾಮು ಮುಗಿಯುವವರೆಗೆ ನೋಡೋಣ ಎಂದರು.

ಕೊಳೆತದ್ದೊಂದು ಕೈತಪ್ಪಿ ಈ ಕಡೆ ಬಂದಿದೆ, ಇದನ್ನೂ ನೋಡಿಬಿಡು. ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಿದ್ದೆ. ‘ಆ ಹುಡುಗಿ ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದರೆ’ ಎಂಬ ಯೋಚನೆ ಬಂತು. ಬಂದದ್ದು ನಿಜ. ಊಟಕ್ಕೆ ಕೂತೆ. ಬಾಯಿಯ ಎಡಮೂಲೆಯಿಂದ ಅನ್ನ ಜಾರಿತು. ನಿಮ್ಮತ್ತೆ ಸೆರಗಿನಿಂದ ಒರೆಸಿ, ‘ನಾಳೆ ಎಷ್ಟು ಹೊತ್ತಿಗೆ ಎಬ್ಬಿಸಲಿ?’ ಎಂದಳು. ಬದುಕಿರುವವನನ್ನು ಮಾತ್ರ ಹೀಗೆ ಕೇಳುತ್ತಾರೆ. ಯೋಚನೆ ಅಲ್ಲೇ ಸತ್ತಿತು, ಮತ್ತೆ ತಲೆಯೆತ್ತಿಲ್ಲ.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಸ್ಟೂಲನ್ನು ನಡುವಿನಿಂದ ಎತ್ತಿ ಶೆಡ್ಡಿನ ಎಡಗೋಡೆಗೆ ಒತ್ತಿ ಇಟ್ಟೆ. ಹತ್ತಿ ನಿಂತರೆ ಎಡಗಡೆ ಬರೀ ಗೋಡೆ, ಜನವೆಲ್ಲ ಬಲಗಡೆ. ತೂಗಾಡಿದರೆ ಒರಗಿಕೊಳ್ಳಲೂ ಆಯಿತು. ಗೋಡೆಗೆ ಹಲಗೆ ಹೊಡೆದು ನಾನೇ ದಪ್ಪ ಅಕ್ಷರದಲ್ಲಿ ಬರೆದೆ: ‘ಬಲಗಡೆ ನಿಂತು ಕೇಳಿ. ಕೈ ಎತ್ತಿ ಕೇಳಿ. ಒಬ್ಬೊಬ್ಬರಾಗಿ ಕೇಳಿ.’ ಜನ ನಕ್ಕರು. ‘ಇದೇನ್ರೀ ಶಾಲೇನಾ?’ ಎಂದರು. ‘ಹೌದು, ನಾನು ಓದಿದ ಶಾಲೆ. ಕೈ ಎತ್ತದೆ ಬಾಯಿ ಬಿಟ್ಟವರನ್ನ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸ್ತಿದ್ರು. ನಮ್ಮಲ್ಲಿ ಬೆಂಚಿಲ್ಲ, ಹೊರಗೆ ನಿಲ್ಲಿಸ್ತೀನಿ’ ಎಂದೆ. ಇಬ್ಬರನ್ನು ನಿಲ್ಲಿಸಿಯೂ ನಿಲ್ಲಿಸಿದೆ.

ಆಮೇಲೆ ಆದದ್ದನ್ನು ನಾನೂ ಎಣಿಸಿರಲಿಲ್ಲ. (ಊರಲ್ಲಿ ಎಲ್ಲರಿಗೂ ‘ಎಣಿಸಿದ್ದೆ’ ಎಂದೇ ಹೇಳಿದ್ದೇನೆ, ನೀನು ಬಾಯಿಬಿಡಬೇಡ.) ನಮ್ಮ ಮಾರುಕಟ್ಟೆಯ ಹಳೇ ಪೀಡೆ ಕಳ್ಳಕೂಗು. ಗುಂಪಿನ ಹಿಂದೆ ಯಾವನೋ ಅಡಗಿ ನಿಂತು, ಕೊಳ್ಳುವ ಮನಸ್ಸಿಲ್ಲದೆ ಸುಳ್ಳೇ ಬೆಲೆ ಏರಿಸುತ್ತಿದ್ದ. ಕೈ ಎತ್ತಿಯೇ ಕೇಳಬೇಕು ಎಂದಾಗ ಕೈಯ ಕೆಳಗೆ ಮುಖವೂ ಕಾಣುತ್ತದಲ್ಲ! ಕಳ್ಳಕೂಗು ನಿಂತಿತು. ಕೊಳ್ಳುವವರು ಪಕ್ಕದ ಶೆಡ್ಡುಗಳಿಂದ ನನ್ನ ಶೆಡ್ಡಿಗೆ ಬರತೊಡಗಿದರು. ಕೊಳ್ಳುವವರು ಹೆಚ್ಚಿದ್ದಕ್ಕೆ ಬೆಳೆದವರ ಲಾರಿಗಳೂ ಬಂದವು. ಪಕ್ಕದಲ್ಲಿ ಮೈಕು ಹಿಡಿದು ಕೂಗುವ ತರುಣ ನನ್ನ ಹತ್ತಿರ ಬಂದು, ‘ನಿಮ್ಮ ಶೆಡ್ಡಲ್ಲಿ ಮಾತಾಡಿದ್ದು ಕೇಳಿಸುತ್ತಲ್ಲ ದೊಡ್ಡಪ್ಪ, ಅದು ಹೇಗೆ?’ ಎಂದ. ‘ಒಂದು ಕಿವಿ ತೆಗೆಸ್ಕೋ, ಹೇಳಿಕೊಡ್ತೀನಿ’ ಎಂದೆ. ಈಗ ಎಲ್ಲ ಶೆಡ್ಡಿನಲ್ಲೂ ಅದೇ ಹಲಗೆ. ಬರೆಸಿಕೊಟ್ಟವರು ಅಧ್ಯಕ್ಷರೇ. ಎರಡು ಕಿವಿ ಇರುವವರ ಶೆಡ್ಡಿನಲ್ಲೂ ‘ಬಲಗಡೆ ನಿಂತು ಕೇಳಿ’ ಎಂದು ಬರೆದಿದೆ! ಯಾಕೆ ಬಲಗಡೆ ಎಂದು ಯಾರಿಗೂ ಗೊತ್ತಿಲ್ಲ, ಯಾರೂ ಕೇಳುವುದೂ ಇಲ್ಲ. ಕೋಸಿನ ಹಂಗಾಮು ಮುಗಿದು ಎಷ್ಟೋ ಕಾಲವಾಯಿತು. ಫ್ಯಾನಿನ ಕೆಳಗಿನ ಆ ಕುರ್ಚಿಯ ಮೇಲೆ ಬೆಕ್ಕು ಮಲಗುತ್ತದೆ.

ಒಂದು ಗಲಾಟೆ ಮಾತ್ರ ಆಯಿತು. ನಾನು ‘ಮೂರು ಸಲ’ ಎಂದು ಬಾಯಿ ಅಗಲಿಸಿದಾಗಲೆಲ್ಲ ಎಡಗಣ್ಣು ಮುಚ್ಚುತ್ತದಲ್ಲ, ನಾನು ಅಡುಗೆಯಾಕೆಗೆ ಕಣ್ಣು ಹೊಡೆದು ಮಾಲು ಬಿಡುತ್ತೇನೆಂದು ಗುಸುಗುಸು ಎದ್ದಿತು. ಸುದ್ದಿ ಮನೆಗೂ ಮುಟ್ಟಿತು. ನಿಮ್ಮತ್ತೆ ಚೀಲ ಹಿಡಿದು ಶೆಡ್ಡಿಗೆ ಬಂದಳು. ನಾನು ಕೂಗುವುದನ್ನು ಸೊಂಟಕ್ಕೆ ಕೈಯಿಟ್ಟು ನೋಡಿದಳು. ಆಮೇಲೆ ಕೈ ಎತ್ತಿ (ಕಟ್ಟಳೆ ಮುರಿಯಲಿಲ್ಲ ನೋಡು) ಎಲ್ಲರಿಗೂ ಕೇಳುವ ಹಾಗೆ, ‘ಮದುವೆಯಾದಾಗಿಂದ ನನಗೇ ಒಂದು ಸಲ ಕಣ್ಣು ಹೊಡೀಲಿಲ್ಲ ಈ ಮನುಷ್ಯ, ನಿಮಗೆಲ್ಲ ಹೊಡೀತಾರಾ? ಅದು ನರ. ಸುಮ್ಮನೆ ತರಕಾರಿ ತಗೊಳ್ಳಿ’ ಎಂದಳು. ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನನ್ನ ನಗು ಈಗ ಬಲಗಡೆ ಮಾತ್ರ ಬರುತ್ತದೆ, ಆದರೆ ಎರಡೂ ಕಡೆಯದು ಸೇರಿ ಅಲ್ಲೇ ಬರುವುದರಿಂದ ಸ್ವಲ್ಪ ದಪ್ಪ. ಮೊದಲಿಗಿಂತ ಚೆಂದ ಎಂದು ನನ್ನ ಅಭಿಪ್ರಾಯ.

ಇದು ಮಾಲು. ಕೊಳೆತದ್ದನ್ನು ಕಂಡೆ, ಒಳ್ಳೆಯದನ್ನು ಕಂಡೆ. ಈ ಬದುಕಿನ ಮೂಟೆಯನ್ನು ಇಡಿಯಾಗಿ ನನಗಾಗಿ ಕೊಂಡವಳು ನೀನು. ಬೇರೆ ಯಾರ ಮಾಲೂ ಇಷ್ಟು ಲಾಭಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಒಂದು ಭಾನುವಾರ ಬಾ. ಮುಖ ನೋಡಲು ಹೆದರಿಕೆಯಾದರೆ ಮೊದಲು ಬಲಗಡೆಯಿಂದ ನೋಡು, ಅಭ್ಯಾಸವಾದ ಮೇಲೆ ಎಡಕ್ಕೆ ಬಾ. ಕಪಾಟೂ ಹೊಸದಾಗಿದೆ.

ಇಂತಿ,
ಅರ್ಧ ಮುಖದ, ಒಂಟಿ ಕಿವಿಯ, ಆದರೆ ಗಂಟಲು ಪೂರ್ತಿ ಇರುವ
ನಿನ್ನ ಸೋದರಮಾವ

ತಾ.ಕ.: ಮೂಟೆಯ ತಳದಲ್ಲಿ ಒಂದು ಉಳಿದಿತ್ತು. ಧೈರ್ಯ ಬಂದಿದೆ, ಬರೆಯುತ್ತೇನೆ. ಆಸ್ಪತ್ರೆಯಿಂದ ಹೊರಡುವ ಮುಂಚೆ ನೀನು ನನ್ನ ಮಂಚದ ಎಡಗಡೆ ಬಗ್ಗಿ, ತಲೆಯ ಬ್ಯಾಂಡೇಜಿನ ಹತ್ತಿರ ಏನೋ ಹೇಳಿದೆ. ನಾನು ದೊಡ್ಡ ಮನುಷ್ಯನ ಹಾಗೆ ‘ಹೂಂ’ ಎಂದು ತಲೆಯಾಡಿಸಿದೆ. ನೀನು ಕಣ್ಣೊರೆಸಿಕೊಂಡು ಹೋದೆ. ಬಿಟ್ಟು ಹೋಗುವ ದುಃಖ ಎಂದುಕೊಂಡೆ. ನೀನು ಕೇಳಿದ್ದು ‘ಮಾವ, ನನ್ನ ಮೇಲೆ ಸಿಟ್ಟಾ?’ ಎಂಬುದು ಮೊನ್ನೆ ನಿಮ್ಮಮ್ಮ ಹೇಳಿದ ಮೇಲೆ ಗೊತ್ತಾಯಿತು. ವರ್ಷವೆಲ್ಲ ನೀನು ಆ ತಲೆಯಾಟವನ್ನು ಹೊತ್ತುಕೊಂಡು ತಿರುಗಿದ್ದೀಯ. ಸೂಪಿನವನನ್ನು ಎತ್ತು ಎಂದು ಬೈದವನು ನಾನು! ಮಗಳೇ, ಅವನಿಗೆ ಸಿಕ್ಕ ನ್ಯಾಯ ನನಗೂ ಸಿಗಲಿ. ನಾಲ್ಕು ಜನರ ಮುಂದೆ ಹೇಳುತ್ತೇನೆ: ನನಗೆ ಕೇಳಿಸಿರಲಿಲ್ಲ. ಆ ಸವಾಲು ರದ್ದು. ಬಂದು ಬಲಗಡೆ ನಿಂತು ಇನ್ನೊಮ್ಮೆ ಕೇಳು. ಈ ಸಲ ತಲೆಯಾಡಿಸುವುದಿಲ್ಲ, ‘ಇಲ್ಲ’ ಎಂದು ಬಾಯಿ ತೆರೆದು ಶೆಡ್ಡಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ. ಆಗ ಎಡಗಣ್ಣು ಮುಚ್ಚಿಕೊಂಡರೆ ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳಬೇಡ. ಅದು ನರ.